ಬೆನ್ನಿಗೆ ಕಸೆ ಕಟ್ಟುವ ಅಂಗಿ

ಡಿಸೆಂಬರ್ ೩, ೨೦೨೪, ಮಂಗಳವಾರ. ಬೆಳಗಿನಿಂದ ಮೋಡ ಕವಿದಿತ್ತು. ಹತ್ತೂವರೆಗೆ ಸುಮಾರು ಹತ್ತು ನಿಮಿಷ ಹನಿ ಬಿದ್ದು ನಿಂತಿತು. ಮಸ್ಕಿ ರಸ್ತೆಯ ಒಂದು ಪಕ್ಕದಲ್ಲಿ ಒಣಗಲು ಹರವಿದ್ದ ಭತ್ತದ ಮೇಲೆ ಜನ ಓಡಿಬಂದು ತಾಡಪತ್ರಿ ಎಳೆಯುತ್ತಿದ್ದರು. ಮಧ್ಯಾಹ್ನವೂ ಬಿಸಿಲು ಬರಲಿಲ್ಲ. ಗಾಳಿ ಇತ್ತು.

ಸಿಂಧನೂರಿನ ನಮ್ಮ ಕ್ರೈಸ್ತ ಸಭೆಯ ದರ್ಜಿ ದಾವೀದಪ್ಪ ಇಂದು ತಮ್ಮ ಅತ್ತಿಗೆ ಸುಶೀಲಮ್ಮನವರನ್ನು ಮಸ್ಕಿಗೆ, ಅವರ ಮಗಳ ಮನೆಗೆ ಕರೆದೊಯ್ದು ಬಿಟ್ಟು ಬಂದರು. ಸಭೆಯ ಕಮಿಟಿಯ ಕಾರ್ಯದರ್ಶಿಯೆಂದು ನಾನೂ ಜೊತೆಗೆ ಹೋಗಿದ್ದೆ. ಈ ಸಂಗತಿಯನ್ನು ಓಣಿಯಲ್ಲಿ ಈಗಾಗಲೇ ಎರಡು ಬಗೆಯಾಗಿ ಹೇಳುತ್ತಿರುವುದರಿಂದ ಮೊದಲಿನಿಂದ ಬರೆದಿಡುತ್ತೇನೆ.

ದಾವೀದಪ್ಪನವರಿಗೆ ಐವತ್ತೊಂಬತ್ತು ವರ್ಷ. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲರಾಗಿದ್ದರು. ಅಣ್ಣ ಸಂಜೀವಪ್ಪ ಓದಿ ಲಿಂಗಸೂಗೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾದರು. ತಮ್ಮ ದಾವೀದಪ್ಪ ಹತ್ತನೆಯ ತರಗತಿಯಲ್ಲಿ ಎರಡು ಸಲ ನಪಾಸಾದರು. ಆಗ ಮನೆಗೆ ಹೊಸದಾಗಿ ಬಂದಿದ್ದ ಅತ್ತಿಗೆ ಸುಶೀಲಮ್ಮ, "ಲೆಕ್ಕ ಬರದಿದ್ರ ಬಿಡು ದಾವೀದಾ. ನಿನ್ನ ಕೈ ನೆಟ್ಟಗ ಐತಿ, ಕತ್ತರಿ ಹಿಡಿ" ಎಂದು ತಾವೇ ಹಳೆಯ ಬಸ್ ನಿಲ್ದಾಣದ ಹತ್ತಿರ ದಸ್ತಗೀರ್‌ಸಾಬರ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದರಂತೆ. ಮುಂದೆ ಆ ಅಂಗಡಿಯೇ ದಾವೀದಪ್ಪನವರದಾಯಿತು. ಶಾಲೆಯ ಸಮವಸ್ತ್ರ, ಗಾಯನ ತಂಡದ ಬಿಳಿ ನಿಲುವಂಗಿ, ಎಲ್ಲರ ಮದುವೆಯ ರವಿಕೆ ಅಲ್ಲಿಯೇ ಹೊಲಿದದ್ದು.

೧೯೯೮ರಲ್ಲಿ ಸಂಜೀವಪ್ಪ ಕಾಮಾಲೆಯಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಬಂಧುಗಳು ಲಿಂಗಸೂಗೂರಿನ ಬಾಡಿಗೆ ಮನೆಯ ಮುಂದೆ ಕುಳಿತು, ಸುಶೀಲಮ್ಮನೂ ಒಂಬತ್ತು ವರ್ಷದ ಎಸ್ತೇರಳೂ ಇನ್ನು ಯಾರ ಮನೆಗೆ ಎಂದು ಮಾತಾಡುತ್ತಿದ್ದಾಗ ದಾವೀದಪ್ಪ ಎದ್ದು ಸಾಮಾನು ಕಟ್ಟತೊಡಗಿದರು. ಯಾರೋ, "ನಿನಗ ಇನ್ನೂ ಮದುವಿ ಆಗಿಲ್ಲೋ, ಮಂದಿ ಏನಂದಾರು?" ಎಂದು ಕೇಳಿದರು. "ನಾ ಅಂಗಡ್ಯಾಗ ಮಲಗ್ತೀನಿ" ಎಂದು ಅವರು ಉತ್ತರಿಸಿದರು.

ಇಬ್ಬರನ್ನೂ ಸಿಂಧನೂರಿನ ತಮ್ಮ ಮನೆಗೆ ಕರೆತಂದು ಹಾಗೆಯೇ ಮಾಡಿದರು. ಊಟ ಮನೆಯಲ್ಲಿ, ಮಲಗುವುದು ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಮೇಲೆ. ಎರಡು ಸಲ ಹೆಣ್ಣು ನೋಡಿ ಬಂದರು. ಎರಡೂ ಕಡೆ ಅತ್ತಿಗೆ ಮತ್ತು ಮಗುವಿನ ಮಾತು ಬಂದಾಗ ಸಂಬಂಧ ನಿಂತಿತು. ೨೦೧೦ರಲ್ಲಿ ಎಸ್ತೇರಳನ್ನು ಮಸ್ಕಿಯ ಕನಕರಾಜನಿಗೆ ಕೊಟ್ಟು ಮದುವೆ ಮಾಡಿದರು. ಆಮೇಲೂ ಅಂಗಡಿಯ ಮೇಜೇ ಅವರ ಹಾಸಿಗೆಯಾಗಿತ್ತು. ೨೦೧೮ರಲ್ಲಿ ಸುಶೀಲಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋದಾಗ, ಇಪ್ಪತ್ತು ವರ್ಷಗಳ ನಂತರ ಮೊದಲ ಬಾರಿಗೆ, ಅವರು ತಮ್ಮ ಹಾಸಿಗೆಯನ್ನು ಮನೆಯ ಪಡಸಾಲೆಗೆ ತಂದರು.

ಬರಬರುತ್ತ ಸುಶೀಲಮ್ಮನ ನೆನಪೂ ಹೋಯಿತು. ಮೈದುನನ ಹೆಸರೊಂದು ಉಳಿಯಿತು. ಅಡುಗೆ, ಉಣಿಸುವುದು, ಮಾತ್ರೆ ಎಲ್ಲವೂ ದಾವೀದಪ್ಪನವರದು; ಸ್ನಾನ ಮಾತ್ರ ಪಕ್ಕದ ಮನೆಯ ಹಾಜಿರಾಬೀಯವರದು. ಆರು ವರ್ಷ ಆಕೆ ಒಂದು ದಿನವೂ ತಪ್ಪಿಸಲಿಲ್ಲ. ರಂಜಾನಿನ ಉಪವಾಸದಲ್ಲೂ ಬೆಳಿಗ್ಗೆ ಎಂಟಕ್ಕೆ ಬಕೆಟ್ ಹಿಡಿದು ಬರುತ್ತಿದ್ದರು.

ಈ ಆಗಸ್ಟಿನಲ್ಲಿ ಮಗಳು ಶಾಹೀಸ್ತಾಳ ಹೆರಿಗೆಗೆಂದು ಹಾಜಿರಾಬೀ ಗಂಗಾವತಿಗೆ ಹೋಗಬೇಕಾಯಿತು. ಸಭೆಯ ಹೆಣ್ಣುಮಕ್ಕಳು ವಾರಕ್ಕೊಬ್ಬರಂತೆ ಸ್ನಾನ ಮಾಡಿಸುವುದೆಂದು ತೀರ್ಮಾನವಾಗಿ, ಏಳು ವಾರಗಳಿಗೆ ಏಳು ಹೆಸರುಗಳ ಪಾಳಿಪಟ್ಟಿ ಮಾಡಿದವಳು ನಾನೇ. ಎರಡನೆಯ ವಾರ ನನ್ನದಾಗಿತ್ತು. ಐದು ದಿನ ಹೋದೆ. ಆರನೆಯ ದಿನ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ತಪಾಸಣೆ ಇತ್ತು, ಹೋಗಲಿಲ್ಲ. ಏಳನೆಯ ದಿನ ತಪಾಸಣೆ ಇರಲಿಲ್ಲ, ಆದರೂ ಹೋಗಲಿಲ್ಲ. ಆ ಮನೆಯ ವಾಸನೆ ನನ್ನ ಸೀರೆಯಿಂದ ಹೋಗುತ್ತಿರಲಿಲ್ಲ. ಈ ದಿನಚರಿಯ ಆ ದಿನದ ಪುಟದಲ್ಲಿ "ಮೈಗೆ ಹುಷಾರಿಲ್ಲ" ಎಂದು ಬರೆದಿದ್ದೇನೆ. ಅದು ಸುಳ್ಳು. ನನ್ನ ನಂತರದವರು ಇನ್ನೂ ಬೇಗ ಬಿಟ್ಟರು. ಅಕ್ಟೋಬರಿನ ಹೊತ್ತಿಗೆ ಯಾರೂ ಹೋಗುತ್ತಿರಲಿಲ್ಲ. ದಾವೀದಪ್ಪ ಯಾರನ್ನೂ ಕೇಳಲಿಲ್ಲ.

ಅವರು ಅಂಗಡಿಯಲ್ಲಿ ಕುಳಿತು ಒಂದು ಅಂಗಿ ಹೊಲಿದರು. ಮೆತ್ತನೆಯ ಹತ್ತಿ ಬಟ್ಟೆಯ, ಕಾಲಿನವರೆಗೆ ಬರುವ ನಿಲುವಂಗಿ. ಮುಂದೆ ಎಲ್ಲಿಯೂ ಸೀಳಿಲ್ಲ. ಹಿಂದೆ ಕೊರಳಿನಿಂದ ಕೆಳಗಿನವರೆಗೆ ಬಿಚ್ಚಿಕೊಳ್ಳುವಂತಿದ್ದು, ಒಂದು ಮಗ್ಗುಲು ಇನ್ನೊಂದರ ಮೇಲೆ ಒಂದು ಗೇಣು ಏರುತ್ತದೆ. ಕಟ್ಟಲು ನಾಲ್ಕು ಜೊತೆ ಕಸೆ. ಸುಶೀಲಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಂಗಿಯ ಮೇಲೆಯೇ ನೀರು ಹಾಕಿ, ಒದ್ದೆ ಅಂಗಿಯ ಮೇಲೆ ಒಣಗಿದ್ದನ್ನು ಹೊದಿಸಿ, ಹಿಂದೆ ನಿಂತು ಒಳಗಿನ ಕಸೆ ಬಿಚ್ಚಿ, ಒದ್ದೆಯದನ್ನು ಕೆಳಗಿನಿಂದ ಎಳೆದು ತೆಗೆಯಬೇಕು. ಮೈ ಒಂದು ಕ್ಷಣವೂ ಬಯಲಾಗುವುದಿಲ್ಲ. ಸುಶೀಲಮ್ಮನ ಎಡಗೈ ಮುಟ್ಟದ ಕಡೆ ಉಜ್ಜಲು ಟವೆಲ್ ಬಟ್ಟೆಯ ಕೈಚೀಲ ಹೊಲಿದರು, ಬರಿಗೈ ತಾಗದಿರಲೆಂದು. ಒಟ್ಟು ಆರು ಅಂಗಿ, ಎರಡು ಕೈಚೀಲ.

ನವೆಂಬರಿನಲ್ಲಿ ನಮ್ಮ ಸಭೆಯ ರೂತಮ್ಮ ಹಿಡಿ ಅಕ್ಕಿ ಕೂಡಿಸಲು ಅವರ ಮನೆಗೆ ಹೋದರು. ನಮ್ಮಲ್ಲಿ ಪ್ರತಿ ಮನೆಯವರೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ. ಶನಿವಾರ ಅದನ್ನು ಕೂಡಿಸಿ, ತಿಂಗಳ ಮೊದಲ ಭಾನುವಾರ ದಿಕ್ಕಿಲ್ಲದ ವಿಧವೆಯರಿಗೆ ಹಂಚುವುದು ರೂಢಿ. ಮುಂಬಾಗಿಲು ತೆರೆದಿತ್ತೆಂದು ರೂತಮ್ಮ ನೇರವಾಗಿ ಹಿತ್ತಲಿಗೆ ಹೋಗಿ ಸ್ನಾನ ಮಾಡಿಸುವುದನ್ನು ಕಂಡರು. ಅಕ್ಕಿ ತೆಗೆದುಕೊಳ್ಳದೆ ನನ್ನ ಮನೆಗೆ ಬಂದರು.

"ಹೆಣ್ಣಮಗಳ ಜಳಕ ಗಂಡಸು ಮಾಡಸೋದೇನ್ರಿ ಮೇಡಂ? ನೋಡಿ ನನಗ ತಲಿ ಎತ್ತಾಕ ಆಗಲಿಲ್ಲ."

"ಪಾಳಿಯಲ್ಲಿ ನಿಮ್ಮ ಹೆಸರು ಇತ್ತಲ್ಲ ರೂತಮ್ಮ?"

"ಇತ್ತು. ನಿಮ್ಮದೂ ಇತ್ತಲ್ರಿ" ಎಂದು ಅವರು ಸೆರಗು ಸರಿಮಾಡಿಕೊಂಡು ಹೊರಟರು. ಭಾನುವಾರದ ಹೊತ್ತಿಗೆ ಸಭೆಗೆಲ್ಲ ಗೊತ್ತಾಗಿತ್ತು. ಇಪ್ಪತ್ತು ವರ್ಷ ಮೇಜಿನ ಮೇಲೆ ಮಲಗಿದ ಮನುಷ್ಯನ ವಿಷಯ ಇನ್ನೊಂದು ತರದಲ್ಲಿ ಮಾತಾಯಿತು.

ನವೆಂಬರ್ ೨೮ರಂದು ಹಾಜಿರಾಬೀ ಗಂಗಾವತಿಯಿಂದ ಹಿಂದಿರುಗಿದರು. ಮರುದಿನ ಸಂಜೆ ಕುಂಟುತ್ತಲೇ ನನ್ನ ಮನೆಗೆ ಬಂದರು. ಅವರ ಮೊಣಕಾಲು ಕೆಟ್ಟಿದೆ. ಕೈಯಲ್ಲಿ ಒಂದು ಚೀಟಿ ಇತ್ತು.

"ಓದ್ರಿ ಮೇಡಂ. ಮಿಷಿನ್ ಡಬ್ಬ್ಯಾಗ ಮುಚ್ಚಿಟ್ಟಿದ್ದ. ದಾರ ಹುಡುಕಾಕ ಹೋಗಿ ಸಿಕ್ತು."

ದಾವೀದಪ್ಪನವರ ಹೆಸರಿಗೆ ಡಾಕ್ಟರು ಬರೆದ ಅಕ್ಟೋಬರ್ ೧೭ರ ಚೀಟಿ. ಹರ್ನಿಯಾ, ಭಾರ ಎತ್ತಕೂಡದು, ಆಪರೇಷನ್ ಬೇಗ ಆಗಬೇಕು.

"ದಿನಾ ಎತ್ತಾಕತ್ತಾನ. ಕುರ್ಚಿಯಿಂದ ಮಂಚಕ್ಕ, ಮಂಚದಿಂದ ಕುರ್ಚಿಗೆ. ಹೋದ ವಾರ ಇಬ್ಬರೂ ಬಿದ್ದಾರ. ಆಕಿ ಇವನ ಮ್ಯಾಲ. ಏಳಾಕ ಬರದ ಒಂದು ತಾಸು ಹಂಗ ಬಿದ್ದಿದ್ರಂತ. ನಾ ನೀರು ಹಾಕ್ತೀನಿ, ನನಗ ಎತ್ತಾಕ ಆಗಂಗಿಲ್ಲ. ದಾವೀದ್ ಭಾಯಿಗೆ ಹೇಳಿದ್ರ ನಗ್ತಾನ. ಅವನು ಸತ್ರ ಈಕಿನ್ನ ಯಾರು ಎತ್ತಬೇಕು, ಅದನ್ನ ಕೇಳ್ರಿ ನಿಮ್ಮ ಮಂದಿಗೆ."

ಡಿಸೆಂಬರ್ ೧ರಂದು ಆರಾಧನೆ ಮುಗಿದ ಮೇಲೆ ಕಮಿಟಿ ಸೇರಿತು. ಪಾಸ್ಟರ್ ಮೃದು ಸ್ವಭಾವದವರು. ನಾಲ್ವರು ಸದಸ್ಯರು, ನಾನು. ದಾವೀದಪ್ಪನವರನ್ನು ಕರೆಸಿದೆವು. ಅವರು ಬಾಗಿಲ ಹತ್ತಿರದ ಬೆಂಚಿನ ಮೇಲೆ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಒತ್ತಿ ಹಿಡಿದು ಕುಳಿತರು.

ಪಾಸ್ಟರ್ ಹೇಳಿದರು: "ನಿಮ್ಮ ಮ್ಯಾಲ ಯಾರೂ ತಪ್ಪು ಹೊರಸಾಕತ್ತಿಲ್ಲ ದಾವೀದಪ್ಪನವರ. ಲಿಂಗಸೂಗೂರಿನ ಕಡೆ ಇಂಥವರನ್ನ ನೋಡಿಕೊಳ್ಳೋ ಒಂದು ಆಶ್ರಮ ಐತಿ. ವಿಚಾರ ಮಾಡ್ರಿ."

"ಮನೆಯವರು ಇದ್ದಾಗ ಮನೆಯವರ ನೋಡಬೇಕು ಅಂತ ನಮ್ಮ ಕಮಿಟಿದ ಠರಾವು ಐತಲ್ರಿ."

"ಹೌದು. ನೀವ ಬರಸಿದ್ದು."

ಅದು ನಿಜ. ೨೦೧೩ರಲ್ಲಿ ದಾವೀದಪ್ಪ ಕಮಿಟಿಯಲ್ಲಿದ್ದರು. ಹಿಡಿ ಅಕ್ಕಿ ಕಡಿಮೆಯಾಗಿ, ವಿಧವೆಯರ ಪಟ್ಟಿ ಉದ್ದವಾಗಿತ್ತು. ಬೈಬಲಿನಲ್ಲಿರುವ ಅಪೊಸ್ತಲನ ಉಪದೇಶವನ್ನು ಅವರೇ ಎತ್ತಿ ಹೇಳಿದರು: ಮನೆಯವರಿರುವ ವಿಧವೆಯನ್ನು ಮನೆಯವರೇ ನೋಡಿಕೊಳ್ಳಬೇಕು, ಸಭೆಯ ಮೇಲೆ ಭಾರ ಹೊರಿಸಬಾರದು, ತನ್ನವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ಬಿಟ್ಟವನು. ಆ ದಿನ ಮೊದಲು ಸುಶೀಲಮ್ಮನ ಹೆಸರನ್ನು ತಾವೇ ಹೊಡೆದು ಹಾಕಿಸಿದರು. ನಂತರ ಪಾರ್ವತೆಮ್ಮ ಎಂಬ ಮುದುಕಿಯ ಹೆಸರು ಬಂತು. ಆಕೆಗೆ ಜವಳಗೇರಾದಲ್ಲಿ ಅಕ್ಕನ ಮಗನೊಬ್ಬನಿದ್ದ. ಅಕ್ಕನ ಮಗ ಮನೆಯವನೇ ಎಂದು ದಾವೀದಪ್ಪ ವಾದಿಸಿದರು. ಹೆಸರು ಹೋಯಿತು. ಪಾರ್ವತೆಮ್ಮ ಜವಳಗೇರಾಕ್ಕೆ ಹೋದರು.

ಆ ಹೆಸರನ್ನು ಈ ಭಾನುವಾರ ಕಮಿಟಿಯಲ್ಲಿ ಯಾರೂ ಎತ್ತಲಿಲ್ಲ. ದಾವೀದಪ್ಪನವರೇ ಎತ್ತಿದರು.

"ಪಾರ್ವತೆಮ್ಮಗ ಮನೆಯವರು ಇದ್ರು ಖರೆ. ನಾ ನೋಡಾಕ ಹೋಗಿದ್ದೆ. ಗೊಬ್ಬರದ ಚೀಲದ ಬಾಜು ಹಾಸಿ ಕೊಟ್ಟಿದ್ರು. ಕಣ್ಣು ಉರೀತಾವ ದಾವೀದಪ್ಪ ಅಂದ್ಲು. ಎರಡು ವರ್ಷ ಹಂಗ ಇದ್ದು ಸತ್ಲು. ನಾನು ತಿಂಗಳಾ ಅಕ್ಕಿ ಒಯ್ದು ಕೊಡ್ತಿದ್ದೆ. ಅದನ್ನ ಆಕಿಗೆ ಕುದಿಸಿ ಹಾಕಿದ್ರೋ ಇಲ್ಲೋ ನನಗ ಗೊತ್ತಿಲ್ಲ."

ಪಾಸ್ಟರ್ ಮೆಲ್ಲಗೆ, "ಎಸ್ತೇರ ಮಗಳಲ್ಲೇನ್ರಿ? ಮೊದಲನೇ ಮನೆಯವರು ಅಂದ್ರ ಮಕ್ಕಳು, ಮೊಮ್ಮಕ್ಕಳು. ಉಪದೇಶದಾಗೂ ಹಂಗ ಐತಿ" ಎಂದರು.

"ಆಕಿಗೆ ಸಂಸಾರ ಐತಿ."

"ನಿಮಗ ರೋಗ ಐತಿ" ಎಂದು ನಾನು ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಆಕಿ ಮಂಚ ಎಲ್ಲಿ ಹಾಕ್ತಾರ ಅಂತ ನೋಡದ ನಾ ಬಿಡಂಗಿಲ್ಲ" ಎಂದಷ್ಟೇ ಹೇಳಿದರು. ಕಮಿಟಿ ಅದಕ್ಕೆ ಒಪ್ಪಿತು. ಅದೇ ಸಂಜೆ ನಾನು ಎಸ್ತೇರಳಿಗೆ ಫೋನು ಮಾಡಿದೆ.

ಮರುದಿನ ಅವಳು ಮೊದಲ ಬಸ್ಸಿಗೆ ಬಂದಳು. ಮೂವತ್ತೈದರ ಹೆಂಗಸು, ಮಸ್ಕಿಯಲ್ಲಿ ಅಂಗನವಾಡಿ ಸಹಾಯಕಿ. ನಾನು ಹೋಗುವಷ್ಟರಲ್ಲಿ ಮಾತು ಆಗಲೇ ಏರಿತ್ತು. ಹಾಜಿರಾಬೀ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತು ಎರಡೂ ಕಡೆಯದನ್ನು ಕೇಳುತ್ತಿದ್ದರು. ಸುಶೀಲಮ್ಮ ಒಳಗೆ ಮಲಗಿದ್ದರು.

"ಆರು ವರ್ಷದಾಗ ನಾಲ್ಕು ಸಲ ಕೇಳೀನಿ ಕಾಕಾ. ಅವ್ವನ್ನ ಕಳಸ್ರಿ ಅಂತ. ಪ್ರತಿ ಸಲ ಚಾ ಕುಡಿಸಿ ಬಸ್ ಹತ್ತಿಸಿ ಕಳಿಸೀರಿ."

"ನಿನಗ ಎರಡು ಕ್ವಾಣಿ ಮನಿ. ಎರಡು ಕೂಸು. ಅತ್ತಿ."

"ಅತ್ತಿ ಸತ್ತು ಮೂರು ವರ್ಷ ಆತು. ಮಣ್ಣಿಗೆ ನೀವ ಬಂದಿದ್ರಿ."

ಹಾಜಿರಾಬೀ, "ಅಲ್ಲಿ ಹುಗ್ಗಿ ಉಂಡು ಬಂದು ಮರತಾನ" ಎಂದರು. ಯಾರೂ ನಗಲಿಲ್ಲ.

"ನಾ ಇದ್ದೀನಲ್ಲ ಅಂತ..." ಎಂದು ದಾವೀದಪ್ಪ ಆರಂಭಿಸಿದರು.

"ನೀವು ಇದ್ದೀರಿ. ನೀವ ಇದ್ದೀರಿ. ಹೆಸರು ನಿಮಗ, ಮಾತು ನನಗ. ಹೆತ್ತವ್ವನ್ನ ಮುದುಕ ಕಾಕಾನ ಕೊರಳಿಗೆ ಕಟ್ಟಿ ಕುಂತಾಳ ಅಂತಾರ ಮಸ್ಕ್ಯಾಗ. ಹೋದ ವಾರ ಮತ್ತೊಂದು ಮಾತು ಕೇಳಿದೆ. ಅದನ್ನ ನಿಮ್ಮ ಮುಂದ ಹೇಳಂಗಿಲ್ಲ." ಅವಳ ಧ್ವನಿ ಇಳಿಯಿತು. "ಅವ್ವ ನನ್ನ ಗುರುತು ಹಿಡಿಯಂಗಿಲ್ಲ ಕಾಕಾ. ಹಿಡಿಯೋವಾಗ ಕೊಟ್ಟಿದ್ರ ಹಿಡೀತಿದ್ಲು."

ನಾನು ಅಲ್ಲಿಯವರೆಗೆ ದಾವೀದಪ್ಪನವರ ಮೇಲಿನ ಭಾರವನ್ನೇ ಯೋಚಿಸಿದ್ದೆ. ಮಗಳ ಪಾಲಿನದನ್ನೂ ಅವರೇ ಹೊತ್ತುಕೊಂಡಿದ್ದರೆಂದು ನನಗೆ ತೋಚಿರಲಿಲ್ಲ. ಉಪದೇಶವನ್ನು ಅವರು ಕಡೆಗಣಿಸಿರಲಿಲ್ಲ. ಇನ್ನೊಬ್ಬರು ಪಾಲಿಸಲು ಏನೂ ಉಳಿಯದಂತೆ ಪಾಲಿಸಿದ್ದರು. ಅದು ತಪ್ಪೆಂದು ಬರೆಯಲು ನನಗೆ ಧೈರ್ಯವಿಲ್ಲ. ಸರಿಯೆಂದೂ ಬರೆಯಲಾರೆ.

ಕೊನೆಗೆ ಅವರು, "ನಾಳೆ ಗಾಡಿ ಹೇಳ್ರಿ ಮೇಡಂ" ಎಂದರು.

ಇಂದು ಹತ್ತು ಗಂಟೆಗೆ ಹೊರಟೆವು. ಬಾಡಿಗೆ ಕ್ರೂಸರಿನ ಮಧ್ಯದ ಸೀಟಿನಲ್ಲಿ ಸುಶೀಲಮ್ಮ. ಒಂದು ಬದಿಗೆ ದಾವೀದಪ್ಪ, ಇನ್ನೊಂದು ಬದಿಗೆ ಎಸ್ತೇರ. ಸ್ನಾನದ ಕುರ್ಚಿ ಹಿಂದೆ. ಸುಶೀಲಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆಯ ಭತ್ತ ನೋಡುತ್ತ, "ತೊಯ್ತೈತಿ, ತೊಯ್ತೈತಿ" ಎನ್ನುತ್ತಿದ್ದರು.

ಎಸ್ತೇರಳ ಮನೆ ಗುಡ್ಡದ ಕೆಳಗಿನ ಓಣಿಯಲ್ಲಿದೆ. ಮುಂದಿನ ಕೋಣೆಯಲ್ಲಿ ಟಿ.ವಿ. ತೆಗೆದು ಕಿಟಕಿಯ ಪಕ್ಕ ಮಂಚ ಹಾಕಿದ್ದರು. ದಾವೀದಪ್ಪ ಮಂಚದ ಮೇಲೆ ಕೈ ಒತ್ತಿ ನೋಡಿದರು, ಕೆಳಗೆ ಬಗ್ಗಿ ನೋಡಿದರು. ಆಮೇಲೆ ಕೊರಳಿನ ಟೇಪು ತೆಗೆದು ಬಚ್ಚಲಿನ ಬಾಗಿಲು ಅಳೆದರು. ಇಪ್ಪತ್ತೆರಡು ಇಂಚು. ಕುರ್ಚಿ ಇಪ್ಪತ್ತಮೂರೂವರೆ.

"ಕುರ್ಚಿ ಹೋಗಂಗಿಲ್ಲ" ಎಂದರು. ಅವರ ಧ್ವನಿಯಲ್ಲಿ ಸಮಾಧಾನವಿತ್ತು. "ಮೊದಲ ನೋಡಬೇಕಿತ್ತು. ಗಾಡಿ ಇನ್ನೂ ಐತೇನು ನೋಡ್ರಿ ಮೇಡಂ. ವಾಪಸ್ ಹೋಗೋಣ."

ಅಳಿಯ ಕನಕರಾಜ ಟೈರಿನ ಅಂಗಡಿಯಲ್ಲಿ ಕೆಲಸ ಮಾಡುವವನು, ಹೆಚ್ಚು ಮಾತಿಲ್ಲದವನು. ಹೋಗಿ ರಾಡು, ಸುತ್ತಿಗೆ ತಂದು ಬಾಗಿಲನ್ನೂ ಚೌಕಟ್ಟನ್ನೂ ಕಿತ್ತು ಗೋಡೆಗೆ ಒರಗಿಸಿದ. ಗಿಲಾವು ಒಂದಷ್ಟು ಉದುರಿತು. "ಬಾಗಲಾ ಏನು ತಿನ್ನಾಕ ಬೇಕ್ರಿ ಕಾಕಾ? ಪರದೆ ಹಾಕಿದ್ರ ಆತು. ನೀವ ಹೊಲದು ಕೊಡ್ರಿ, ಅಂಗಡ್ಯಾವ್ರಿಗೆ ಕೊಟ್ರ ಮಜೂರಿ ಕೇಳ್ತಾರ" ಎಂದ. ಎಸ್ತೇರ ಬಟ್ಟೆ ತಂದಳು. ದಾವೀದಪ್ಪ ನೆಲದ ಮೇಲೆ ಕುಳಿತು ಕೈಯಿಂದಲೇ ಪರದೆ ಹೊಲಿದರು. ಹೊಲಿಯುತ್ತಲೇ ಅವಳಿಗೆ ಅಂಗಿ ಹಾಕುವ, ತೆಗೆಯುವ ಕ್ರಮ ಹೇಳಿದರು. ಅವಳು ಎರಡು ಸಲ ತಪ್ಪು ಮಾಡಿ ಮೂರನೆಯ ಸಲ ಸರಿಯಾಗಿ ಕಸೆ ಕಟ್ಟಿದಳು.

ತೊಂದರೆ ಊಟದ ಹೊತ್ತಿಗೆ ಆಯಿತು. ಎಸ್ತೇರ ಅನ್ನ ಸಾರು ಕಿವುಚಿ ಚಮಚ ಹಿಡಿದರೆ ಸುಶೀಲಮ್ಮ ಮುಖ ತಿರುವಿದರು. "ಈಕಿ ಯಾರು? ದಾವೀದಾ, ಈಕಿ ಯಾರು?" ಎಂದು ಚಮಚ ತಳ್ಳಿದರು. ಅನ್ನ ಹಾಸಿಗೆಯ ಮೇಲೆ ಬಿತ್ತು. ದಾವೀದಪ್ಪನವರ ಕೈ ಚಮಚದ ಕಡೆಗೆ ಹೋಗಿ ಅರ್ಧಕ್ಕೆ ನಿಂತಿತು. ಎಸ್ತೇರ ಅವರನ್ನು ನೋಡಿದಳು. ಕೊಡಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

"ನಾ ಕಣ್ಣಿಗೆ ಬಿದ್ರ ಆಕಿ ನಿನ್ನ ಕೈಲೆ ಉಣ್ಣಂಗಿಲ್ಲ" ಎಂದು ಅವರು ಹೊರಗೆ ಹೋದರು.

ಹೊರಗಿನ ಕಟ್ಟೆಯ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕುಳಿತರು. ಒಳಗಿನಿಂದ ಸುಶೀಲಮ್ಮ ಕೂಗತೊಡಗಿದರು: "ದಾವೀದಾ. ದಾವೀದಾ, ಎಲ್ಲಿ ಹೋದಿ?" ದಾವೀದಪ್ಪ ಓಗೊಡಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಎಣಿಸುವುದು ನನ್ನ ಅಭ್ಯಾಸ. ಹನ್ನೊಂದು ಸಲ ಕೂಗಿದರು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು, "ಕರ್ಯಾಕತ್ತಾರ ನೋಡ್ರಿ, ಕೇಳ್ಸಂಗಿಲ್ಲೇನು?" ಎಂದರು. ದಾವೀದಪ್ಪ ಕೈಯಲ್ಲಿ ಅಳತೆಯ ಟೇಪನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು.

ಕೂಗು ನಿಂತಿತು. ಮುಕ್ಕಾಲು ಗಂಟೆಯ ಮೇಲೆ ಎಸ್ತೇರ ತಟ್ಟೆ ಹಿಡಿದು ಹೊರಗೆ ಬಂದಳು. ಅತ್ತಿದ್ದಳು.

"ಎಷ್ಟು ಉಂಡ್ಲು?"

"ನಾಲ್ಕು ಚಮಚ."

"ಮನ್ಯಾಗ ಹನ್ನೆರಡು ಉಣ್ತಿದ್ಲು."

"ಇದೂ ಮನಿನ ಕಾಕಾ."

ಅವರು ತಲೆಯಾಡಿಸಿದರು. ಸಂಜೆಗೆ ಹಾಲಿನಲ್ಲಿ ಬ್ರೆಡ್ ನೆನೆಸಿ ಕೊಡಲು ಹೇಳಿದರು. ಎಡಗಡೆಯಿಂದ ಉಣಿಸಬೇಕು, ಬಲಗಡೆ ನುಂಗಲು ಬರುವುದಿಲ್ಲ ಎಂದರು. ಆಪರೇಷನ್ನಿಗೆ ಕನಕರಾಜ ಜೊತೆಗೆ ಬರುತ್ತಾನೆಂದು ಅವಳು ಹೇಳಿದಾಗ ಹೂಂ ಎಂದರು. ಒಳಗೆ ಹೋಗಿ ಹೇಳಿ ಬರಲಿಲ್ಲ. ಐದು ಗಂಟೆಯ ಬಸ್ಸಿಗೆ ನಾವಿಬ್ಬರೂ ಹೊರಟೆವು.

ಬಸ್ಸಿನಲ್ಲಿ, ಊರು ಹತ್ತಿರವಾದಾಗ ದಾವೀದಪ್ಪ ಕೇಳಿದರು: "ಒಂದು ಸಲ ಓ ಅಂದಿದ್ರ ಏನಾಗತಿತ್ತು ಮೇಡಂ?"

ಅವರು ಅಂಗಡಿಯ ಹತ್ತಿರ ಇಳಿದುಕೊಂಡರು. ಮನೆಗೆ ಹೋಗಲಿಲ್ಲ.

ಈ ದಿನದ ಖರ್ಚು: ಕ್ರೂಸರ್ ಬಾಡಿಗೆ ೧,೫೦೦ ರೂಪಾಯಿ, ಕಮಿಟಿಯಿಂದ. ಮಂಚಕ್ಕೆ ರಬ್ಬರ್ ಶೀಟು ೨೪೦, ಡೈಪರ್ ಒಂದು ಪ್ಯಾಕು ೪೨೦, ಎರಡನ್ನೂ ದಾವೀದಪ್ಪ ಕೊಟ್ಟರು. ಪರದೆಯ ಬಟ್ಟೆ ಮೂರು ಮೀಟರ್ ೨೧೦, ಎಸ್ತೇರ ಕೊಟ್ಟಳು. ನಿಲ್ದಾಣದಲ್ಲಿ ಚಹಾ ಎರಡು, ೨೦, ನಾನು ಕೊಟ್ಟೆ. ಬಸ್ಸಿಗೆ ದಾವೀದಪ್ಪನವರ ಟಿಕೇಟು ೩೫. ನನಗೆ ಹೆಂಗಸರ ಉಚಿತ ಟಿಕೇಟು. ಒಟ್ಟು ೨,೪೨೫ ರೂಪಾಯಿ.